ವಿಮೆಯ ಪಟ್ಟಿಯಲ್ಲಿ ನಿಮ್ಮ ಹೆಸರು

ಮಾರ್ಚ್ 17, ಭಾನುವಾರ
ಬೆಳಿಗ್ಗೆ

ಕಾಗದದ ಮಟ್ಟಿಗಾದರೂ ಇನ್ನೂ ನನ್ನ ಯಜಮಾನರಾಗಿರುವ ನಿಮಗೆ,

ನಾನು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಅಂತ ಎರಡು ಸಾಲು ಗೀಚಿ ಮುಖ್ಯ ವಿಷಯಕ್ಕೆ ಹಾರಿಬಿಡೋಣ ಅಂದುಕೊಂಡಿದ್ದೆ. ಆಗಲಿಲ್ಲ. ಈ ಸಲ ನಿಮ್ಮ ಕ್ಷೇಮವೇ ಮುಖ್ಯ ವಿಷಯ. ಡಬ್ಬಿ ಅಂಗಡಿಗೆ ಇವತ್ತು ರಜೆ. ಮಡಚುವ ಮೇಜಿನ ಒಂದು ತುದಿಯಲ್ಲಿ, ನಿನ್ನೆ ಉಳಿದ ಚಪ್ಪಲಿ ಡಬ್ಬಿಗಳನ್ನು ಪಕ್ಕಕ್ಕೆ ಸರಿಸಿಕೊಂಡು ಕೂತಿದ್ದೇನೆ. ಮನೆಯಲ್ಲಿ ಕೂತು ಬರೆಯಲು ನೋಡಿದೆ. ಅಲ್ಲಿ ಕೂತರೆ ನಿಮ್ಮ ಮೇಲೆ ಸಿಟ್ಟು ಬರುತ್ತದೆ. ಇಲ್ಲಿ ರಟ್ಟಿನ ವಾಸನೆಗೋ ಏನೋ, ಸ್ವಲ್ಪ ಕಡಿಮೆ.

ನಿಮ್ಮ ವಕೀಲರ ಲಕೋಟೆ ಡಿಸೆಂಬರಿನಲ್ಲೇ ಬಂತು. ವಿಚ್ಛೇದನದ ಕಾಗದಗಳಲ್ಲಿ ಎಲ್ಲೆಲ್ಲಿ ಸಹಿ ಹಾಕಬೇಕೋ ಅಲ್ಲೆಲ್ಲ ಪೆನ್ಸಿಲಿನಲ್ಲಿ ಗುರುತು ಮಾಡಿ ಕಳಿಸಿದ್ದಿರಿ. ನಾನೇನು ಓದುಬರಹ ಬಾರದವಳೇ? ಆಮೇಲೆ ನಿಮ್ಮ ಎರಡು ಚೀಟಿ ಬಂದವು. ಮೊದಲನೆಯದರಲ್ಲಿ ದಯವಿಟ್ಟು ಅಂತಿತ್ತು. ಎರಡನೆಯದರಲ್ಲಿ, ನಾಲ್ಕು ವರ್ಷ ಬೇರೆ ಬೇರೆ ಇದ್ದ ಮೇಲೂ ಹಟ ಸಾಧಿಸ್ತಾ ಇದೀಯ, ನನ್ನನ್ನ ಹೀಗೆ ಕಟ್ಟಿಹಾಕಿ ನಿನಗೇನು ಸಿಗುತ್ತೆ ಅಂತ ಕೇಳಿದ್ದಿರಿ. ಹಟ ನನಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಮೂರು ತಿಂಗಳು ಸಹಿ ಹಾಕದೆ ಕೂತದ್ದು ಹಟಕ್ಕಲ್ಲ.

ನಿಮ್ಮ ಎದೆಯೊಳಗೆ ಎರಡು ಸ್ಟೆಂಟ್ ಇವೆ. ನಿಮಗೆ ಐವತ್ತೆಂಟು ವರ್ಷ. ಅಂಗಡಿಯ ಗುಂಪು ವಿಮೆಯಲ್ಲಿ ನನ್ನ ಹೆಸರಿನ ಕೆಳಗೆ ಗಂಡ ಅಂತ ನಿಮ್ಮ ಹೆಸರಿದೆ. ಅದೊಂದರ ಬಲದಿಂದ ಹೋದ ವರ್ಷ ಕಂಪನಿ ಆಸ್ಪತ್ರೆಯ ಬಿಲ್ಲು ಕಟ್ಟಿತು. ನಾನು ಸಹಿ ಹಾಕಿದ ದಿನ ಆ ಹೆಸರು ಪಟ್ಟಿಯಿಂದ ಹೋಗುತ್ತದೆ. ಹೊರಗೆ ನಿಮಗೊಂದು ಹೊಸ ಪಾಲಿಸಿ ಸಿಗುತ್ತದೋ ಅಂತ ನಿಮಗೆ ಹೇಳದೆ ಮೂರು ಕಂಪನಿಗಳನ್ನು ವಿಚಾರಿಸಿದೆ. ಒಂದು ಕಂಪನಿ ಆಗಲ್ಲ ಅಂತು. ಇನ್ನೊಂದು, ಕೊಡ್ತೀವಿ, ಆದರೆ ಹೃದಯಕ್ಕೆ ಸಂಬಂಧಪಟ್ಟಿದ್ದು ನಾಲ್ಕು ವರ್ಷ ಕೇಳಬೇಡಿ ಅಂತು. ಹೃದಯ ಬಿಟ್ಟು ನಿಮಗೆ ಬೇರೆ ಕಾಯಿಲೆ ಏನಿದೆ, ಬಾಯಿಯೊಂದು ಬಿಟ್ಟರೆ? ಮೂರನೆಯವರು ಹೇಳಿದ ಮೊತ್ತ ಕೇಳಿ ನಾನು ಫೋನನ್ನೇ ಕೆಳಗಿಟ್ಟೆ.

ಬರೆಯಲು ಕೂತಿದ್ದೇನೆ, ಇದನ್ನೂ ಹೇಳಿಬಿಡುತ್ತೇನೆ. ಹೋದ ವರ್ಷ ಜುಲೈಯಲ್ಲಿ ನೀವು ಬಸ್ ನಿಲ್ದಾಣದಲ್ಲಿ ಕುಸಿದಾಗ ಆಸ್ಪತ್ರೆಯವರು ಮೊದಲು ಫೋನ್ ಮಾಡಿದ್ದು ನನಗೆ. ನಿಮ್ಮ ಪರ್ಸಿನಲ್ಲಿದ್ದ ಚೀಟಿಯಲ್ಲಿ ಇನ್ನೂ ನನ್ನ ನಂಬರೇ ಇತ್ತಂತೆ. ಆಪರೇಷನ್ನಿಗೆ ಒಪ್ಪಿಗೆಯ ಸಹಿ ನನ್ನದು. ಮೂರು ದಿನ ಕಾರಿಡಾರಿನಲ್ಲಿ ಕುಡಿಯುವ ನೀರಿನ ಯಂತ್ರದ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ನೀವು ಎದ್ದು ಕೂತು ಗಂಜಿಯಲ್ಲಿ ಉಪ್ಪಿಲ್ಲ ಅಂತ ಸಿಸ್ಟರ್ ಮೇಲೆ ರೇಗಿದ್ದು ಕೇಳಿಸಿತು. ಆಗ ಇನ್ನು ಪರವಾಗಿಲ್ಲ ಅಂತ ಎದ್ದು ಬಂದೆ. ನಾನು ಬಂದಿದ್ದನ್ನು ಹೇಳಬೇಡಿ ಅಂತ ಅವಳಿಗೆ ಹೇಳಿದ್ದೆ. ನೀವು ಆಮೇಲೆ ರಟ್ಟು ಕತ್ತರಿಸುವ ನಮ್ಮ ಕಟಿಂಗಣ್ಣನಿಗೆ ಫೋನ್ ಮಾಡಿ, ಅಂಗಡಿಯವರು ವಿಮೆ ಕಾರ್ಡಿನ ನಂಬರ್ ಕಳಿಸಿದ್ದಕ್ಕೆ ಉಪಕಾರವಾಯ್ತು ಅಂದಿರಂತೆ. ಅವನು ಅದನ್ನು ನನಗೆ ಹೇಳುವಾಗ ಕತ್ತರಿಸುವ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದ, ನನ್ನ ಮುಖ ನೋಡಲಿಲ್ಲ. ಆಸ್ಪತ್ರೆಗೆ ನನ್ನನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋದವನೇ ಅವನು.

ಈ ವಿಮೆಯನ್ನು ತಂದವರು ನೀವು ಅನ್ನುವುದು ನನಗೆ ಮರೆತಿಲ್ಲ. ಅಂಟು ಕಾಯಿಸುವ ಮುದುಕ ಕೈ ಸುಟ್ಟುಕೊಂಡು, ಆಸ್ಪತ್ರೆಗೆ ಮನೆಯ ಪಾತ್ರೆಪಗಡಿ ಮಾರಿದ ಮೇಲೆ ನೀವು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಗುಂಪು ವಿಮೆ ಮಾಡಿಸೋಣ, ಅರ್ಧ ನಾವು ಕಟ್ಟೋಣ, ಅರ್ಧ ಅವರ ಸಂಬಳದಿಂದ ಅಂತ ನೀವು ಅಂದಾಗ ಬೇಡ ಅಂತ ಕುಣಿದವಳು ನಾನು. ಆ ದುಡ್ಡಿಗೆ ಇನ್ನೊಂದು ಮೆಷಿನ್ ಬರುತ್ತೆ, ಯಾರಿಗೂ ಏನೂ ಆಗದಿದ್ದರೆ ಅಷ್ಟೂ ನೀರುಪಾಲು ಅಂತ ಕೂಗಾಡಿದ್ದೆ. ಆಗಲೇ ನೀವು ಆ ನಿಯಮ ಮಾಡಿದ್ದು. ಸಂಬಳದಿಂದ ಹಿಡಿಯುವ ವಿಷಯಕ್ಕೆ ಎಲ್ಲರ ಒಪ್ಪಿಗೆಯೂ ಬೇಕು, ಒಬ್ಬರು ಬೇಡ ಅಂದರೂ ಬೇಡ. ಒಡತಿಗೂ ಒಂದೇ ಚೀಟಿ, ಅಂಟು ಹಚ್ಚುವವಳಿಗೂ ಒಂದೇ ಚೀಟಿ. ಹೆಸರಿಲ್ಲ, ಅಕ್ಷರವಿಲ್ಲ, ಒಪ್ಪಿಗೆಯಾದರೆ ರೈಟು, ಇಲ್ಲವಾದರೆ ಇಂಟು. ಹನ್ನೊಂದು ವರ್ಷ ಪ್ರತಿ ಮಾರ್ಚಿನಲ್ಲೂ ಚೀಟಿ ಹಾಕಿದ್ದೇವೆ. ಒಂದು ಸಲವೂ ಇಂಟು ಬಂದಿರಲಿಲ್ಲ.

ಇಷ್ಟೆಲ್ಲ ಮಾಡಿದವರು ನೀವೇ, ಕೊನೆಗೆ ಎಂಟು ಸಂಸಾರ ತಲೆ ಮೇಲೆ ಹೊತ್ತು ಸಾಕಾಗಿದೆ, ಅಂಗಡೀನ ದೊಡ್ಡ ಕಂಪನಿಗೆ ಮಾರಿಬಿಡೋಣ ಅಂದವರೂ ನೀವೇ. ಮಾರಲ್ಲ ಅಂದೆ. ನೀವು ಚೀಲ ತುಂಬಿಕೊಂಡು ಹೋದಿರಿ. ಆ ಜಗಳವನ್ನು ಇಲ್ಲಿ ಮತ್ತೆ ತೆಗೆಯುವುದಿಲ್ಲ. ಅವತ್ತು ನಾನು ಆಡಬಾರದ್ದನ್ನು ಆಡಿದೆ, ನೀವೂ ಆಡಿದಿರಿ.

ಈಗ ಫೆಬ್ರವರಿ ಕೊನೆಯಲ್ಲಿ ನಡೆದದ್ದು. ನಿಮಗೆ ಗೊತ್ತಲ್ಲ, ನಮ್ಮಲ್ಲಿ ವಿಮೆಯ ಫಾರಂ ತುಂಬುವುದು ಎಲ್ಲರ ಎದುರಿಗೇ. ಬಿ.ಪಿ. ಇದ್ದವರು ಬಿ.ಪಿ. ಇದೆ ಅಂತ, ಸಕ್ಕರೆ ಇದ್ದವರು ಸಕ್ಕರೆ ಇದೆ ಅಂತ ಗಟ್ಟಿಯಾಗಿ ಹೇಳಬೇಕು. ಮುಚ್ಚಿಟ್ಟರೆ ನಾಳೆ ಎಲ್ಲರಿಗೂ ತೊಂದರೆ ಅಂತ ಅದನ್ನು ರೂಢಿ ಮಾಡಿದವರೂ ನೀವೇ. ಈ ಸಲ ಮಡಚುವ ಕೆಲಸದವಳು, ಅದೇ ನಮ್ಮ ರೇಡಿಯೋ, ತನಗೆ ಮೂಲವ್ಯಾಧಿ ಇದೆ ಅಂತ ಒದರಿ ಎಲ್ಲರೂ ನಕ್ಕು ಸಾಕಾಯಿತು. ಕೊನೆಗೆ ನನ್ನ ಸರದಿ. ಈ ವರ್ಷ ಫಾರಂ ಹೊಸದು. ಏಜೆಂಟ್ ಪೆನ್ನು ಎತ್ತಿಕೊಂಡು, ಗಂಡ ಜೊತೇಲೇ ವಾಸ ಇದಾರಾ ಮೇಡಂ, ಜೊತೇಲಿದ್ದರೆ ಮಾತ್ರ ಸೇರಿಸಕ್ಕಾಗೋದು ಅಂದ.

ಹೌದು, ಮನೇಲೇ ಇದಾರೆ ಅಂದೆ.

ನೀವು ಹೋದದ್ದು ಎಂಟು ಜನಕ್ಕೂ ಗೊತ್ತು. ಚೀಲವನ್ನು ರಿಕ್ಷಾಕ್ಕೆ ಹಾಕಿಕೊಟ್ಟವನು ಕಟಿಂಗಣ್ಣ. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ರೇಡಿಯೋ ಕೂಡ ತಲೆ ಬಗ್ಗಿಸಿಕೊಂಡು, ಆಗಲೇ ಮಡಚಿದ್ದ ಡಬ್ಬಿಯನ್ನು ಬಿಚ್ಚಿ ಮತ್ತೆ ಮಡಚಿದಳು. ಹನ್ನೊಂದು ವರ್ಷದಲ್ಲಿ ಆ ಮೇಜಿನ ಸುತ್ತ ಸುಳ್ಳು ಹೇಳಿದವಳು ಅಂದರೆ ನಾನೊಬ್ಬಳೇ. ಅವರು ಸುಮ್ಮನಿದ್ದದ್ದಕ್ಕೆ ನನಗೆ ಇನ್ನಷ್ಟು ನಾಚಿಕೆಯಾಯಿತು.

ವಾರದ ಮೇಲೆ ಈ ವರ್ಷದ ಮೊತ್ತ ಬಂತು. ಹೋದ ವರ್ಷದ್ದರ ಒಂದೂವರೆ ಪಟ್ಟಿಗಿಂತ ಜಾಸ್ತಿ. ಏಜೆಂಟನನ್ನು ಕೇಳಿದರೆ, ಸಣ್ಣ ಗುಂಪು ಮೇಡಂ, ಒಂದು ದೊಡ್ಡ ಆಪರೇಷನ್ ಆದರೂ ಇಡೀ ಗುಂಪಿನ ರೇಟು ಏರುತ್ತೆ, ಆ ಒಂದು ಹೆಸರು ತೆಗೆದರೆ ಇಳಿಸಿಕೊಡಬಹುದು ಅಂದ. ಯಾವ ಹೆಸರು ಅಂತ ಬಾಯಿಬಿಟ್ಟು ಹೇಳುವಷ್ಟು ಒರಟನಲ್ಲ ಅವನು. ಹೆಚ್ಚಾದದ್ದನ್ನೆಲ್ಲ ನಾನೇ ಭರಿಸೋಣ ಅಂತ ಎಲ್ಲ ಕಡೆಯಿಂದಲೂ ನೋಡಿದೆ. ಹಾಗೆ ಮಾಡಿದರೆ ಎಂಟು ಜನರಲ್ಲಿ ಒಬ್ಬರನ್ನು ಕೆಲಸದಿಂದ ಬಿಡಿಸಬೇಕು. ಯಾರನ್ನು ಅಂತ ಯೋಚನೆ ಮಾಡಲಿಕ್ಕೂ ನನ್ನಿಂದಾಗಲಿಲ್ಲ.

ಇದು ನಮ್ಮೊಬ್ಬರ ಗೋಳಲ್ಲ. ಸಣ್ಣ ವ್ಯಾಪಾರಿಗಳ ಸಂಘದಲ್ಲಿ ಎಲ್ಲರೂ ಇದನ್ನೇ ಹೇಳಿಕೊಂಡು ಕೂತಿದ್ದಾರೆ. ಗ್ಯಾರೇಜಿನವನು ವಿಮೆಯನ್ನೇ ಕಿತ್ತುಹಾಕಿ ಕೆಲಸದವರ ಕೈಗೆ ದುಡ್ಡು ಕೊಟ್ಟುಬಿಡೋಣ ಅನ್ನುತ್ತಾನೆ. ಆ ದುಡ್ಡು ಎರಡು ದಿನದಲ್ಲಿ ಎಲ್ಲಿ ಹೋಗುತ್ತದೆ ಅಂತ ಅವನಿಗೂ ಗೊತ್ತು. ಬ್ಯೂಟಿ ಪಾರ್ಲರಿನವಳು ಸರ್ಕಾರವೇ ನೋಡಿಕೊಳ್ಳಲಿ, ತೆರಿಗೆ ಕಟ್ಟೋದು ಯಾಕೆ ಅನ್ನುತ್ತಾಳೆ. ನನಗೆ ಸರಿ ಅನಿಸಿದ್ದು ಪಕ್ಕದ ಬೇಕರಿಯವರ ಮಾತು. ಬೀದಿಯ ಅಂಗಡಿಗಳೆಲ್ಲ ಸೇರಿ ಒಂದೇ ಗುಂಪಾಗಲು ಬಿಡಿ, ನೂರು ಅಂಗಡಿ, ಸಾವಿರ ಜನ ಸೇರಿದರೆ ಒಬ್ಬನ ಆಪರೇಷನ್ ಯಾರಿಗೂ ಭಾರವಾಗುವುದಿಲ್ಲ ಅನ್ನುತ್ತಿದ್ದರು ಅವರು. ಈಗಿನ ನಿಯಮದಲ್ಲಿ ಹಾಗೆ ಸೇರುವಂತಿಲ್ಲ.

ನಿಯಮ ಬದಲಾಯಿಸುವ ಸಮಿತಿಯೊಂದು ಕೂತಿದೆ. ಅದರ ಮುಂದೆ ಮಾತಾಡಲು ಸಂಘದವರು ಹೋದ ಮಂಗಳವಾರ ನನ್ನನ್ನೂ ಕಳಿಸಿದರು. ನಗಬೇಡಿ. ಇಸ್ತ್ರಿ ಮಾಡಿದ ಸೀರೆ ಉಟ್ಟು, ಹೇಳಬೇಕಾದ್ದನ್ನು ಡಬ್ಬಿಯ ರಟ್ಟಿನ ಮೇಲೆ ಬರೆದುಕೊಂಡು ಹೋಗಿದ್ದೆ. ಮೂರೇ ನಿಮಿಷ ಕೊಟ್ಟರು. ನಾನು ನಿಮ್ಮ ವಿಷಯವನ್ನೇ ಹೇಳಿದೆ, ನಮ್ಮಲ್ಲೊಬ್ಬರು ಅಂತಷ್ಟೇ. ಮುಗಿದ ಮೇಲೆ ಒಬ್ಬ ಸದಸ್ಯರು, ವಯಸ್ಸಾದವರ ಬದಲು ಕಡಿಮೆ ವಯಸ್ಸಿನವರನ್ನು ಇಟ್ಟುಕೊಂಡರೆ ನಿಮ್ಮ ಖರ್ಚು ಇಳಿಯುತ್ತದಲ್ಲವೇ ಅಂತ ಕೇಳಿದರು. ನಾನು, ನಮ್ಮ ಕಟಿಂಗಿನವನಿಗೆ ಅರವತ್ತೊಂದು ಸಾರ್, ಮೆಷಿನ್ನಿನ ಸದ್ದು ಕೇಳಿ ಬ್ಲೇಡು ಮೊಂಡಾಗಿದೆ ಅಂತ ಹೇಳ್ತಾನೆ, ಅವನಿಗೆ ನಾಳೆಯಿಂದ ಮೂವತ್ತು ವರ್ಷದವನಾಗಿ ಬಾ ಅನ್ನಲಾ ಅಂದೆ. ಹಿಂದೆ ಕೂತಿದ್ದವರು ನಕ್ಕರು. ಸದಸ್ಯರು ಏನೋ ಬರೆದುಕೊಂಡರು. ಹೊಸ ನಿಯಮ ಬರುತ್ತದಂತೆ, ಎರಡು ವರ್ಷವಾದರೂ ಆಗುತ್ತದಂತೆ. ನಮ್ಮ ಪಾಲಿಸಿ ಮುಗಿಯುವುದು ಈ ತಿಂಗಳ ಕೊನೆಗೆ.

ಅವತ್ತು ಬೇಕರಿಯವರೂ ಬರಬೇಕಿತ್ತು, ಬರಲಿಲ್ಲ. ಬುಧವಾರ ಬೆಳಿಗ್ಗೆ ಬ್ರೆಡ್ಡು ತರುವ ನೆಪದಲ್ಲಿ ಹೋಗಿ ವಿಚಾರಿಸಿದೆ. ಅವರ ಒಲೆ ನೋಡಿಕೊಳ್ಳುವವನು ಹೋದ ತಿಂಗಳು ಬೆನ್ನು ಸುಟ್ಟುಕೊಂಡಿದ್ದ ಅಂತ ನನಗೆ ಗೊತ್ತಿತ್ತು. ಅದರ ಬಿಲ್ಲಿಗೆ ವಿಮೆ ಕಂಪನಿಯವರು ತಪಾಸಣೆಗೆ ಬಂದು ಪಟ್ಟಿಯ ಒಂದೊಂದು ಹೆಸರನ್ನೂ ಕೆದಕಿದರಂತೆ. ಬೇಕರಿಯವರು ಬೇರೆ ಊರಿನಲ್ಲಿರುವ ತಮ್ಮನನ್ನು ಕೆಲಸದವನು ಅಂತ ಸೇರಿಸಿದ್ದರು. ಆ ಒಂದು ಸುಳ್ಳಿಗೆ ಇಡೀ ಪಾಲಿಸಿಯೇ ರದ್ದು. ಒಲೆಯವನಿಗೆ ಒಂದು ಪೈಸೆ ಬರಲಿಲ್ಲ. ತಮ್ಮನಿಗೆ ಒಳ್ಳೆಯದಾಗಲಿ ಅಂತ ಮಾಡಿದೆ ಅಕ್ಕಾ ಅಂತ ಬೇಕರಿಯವರು ಗಲ್ಲಾದ ಹಿಂದೆ ಕೂತು ಅತ್ತರು. ಅಷ್ಟು ದೊಡ್ಡ ಆಳು ಅಳುವುದನ್ನು ನಾನು ನೋಡಿರಲಿಲ್ಲ. ಬ್ರೆಡ್ಡು ತೆಗೆದುಕೊಳ್ಳದೆ ವಾಪಸ್ ಬಂದೆ. ಇದನ್ನು ಅಂಗಡಿಯಲ್ಲಿ ಯಾರಿಗೂ ಹೇಳಲಿಲ್ಲ.

ಗುರುವಾರ ಹನ್ನೊಂದು ಗಂಟೆಯ ಚಹಾಕ್ಕೆ ಚೀಟಿ ಹಾಕಿದೆವು. ಪಾಲು ಎಷ್ಟು ಹೆಚ್ಚುತ್ತದೆ, ಯಾಕೆ ಹೆಚ್ಚುತ್ತದೆ ಅಂತ ನಾನೇ ಬಿಡಿಸಿ ಹೇಳಿದೆ. ನಿಮ್ಮ ಹೆಸರು ತೆಗೆದರೆ ಇಳಿಯುತ್ತದೆ ಅಂತಲೂ ಹೇಳಿದೆ. ಹೆಸರು ಇಟ್ಟುಕೊಂಡು ಹೆಚ್ಚಿನ ಪಾಲು ಕಟ್ಟಲು ಒಪ್ಪಿದವರು ರೈಟು, ಹೆಸರು ತೆಗೆಯೋಣ ಅನ್ನುವವರು ಇಂಟು. ರೇಡಿಯೋ ಮೊದಲು ಬಾಯಿ ತೆಗೆದಳು. ನನಗೆ ವಿಮೆ ಮಾಡಿಸಿದವರ ಹೆಸರನ್ನೇ ನಾನು ಹೊಡೆದು ಹಾಕಲಾ, ಹೆಚ್ಚಾದರೆ ಹೆಚ್ಚಾಗಲಿ ಬಿಡಿ ಅಂದಳು. ಅವಳಿಗೆ ಇಬ್ಬರು ಮಕ್ಕಳ ಫೀಸು, ಮನೆ ಬಾಡಿಗೆ, ಎಲ್ಲ ಒಂದೇ ಸಂಬಳದಲ್ಲಿ. ಕಟಿಂಗಣ್ಣ ಮಾತ್ರ, ಹೆಂಡತಿಯ ಕಣ್ಣಿನ ಆಪರೇಷನ್ ಇದೆ, ಈ ವರ್ಷ ನನಗೆ ಕಷ್ಟ ಆಗುತ್ತಪ್ಪ ಅಂದ. ಇದ್ದದ್ದನ್ನು ಹೇಳಿದ ಅಷ್ಟೆ.

ಚೀಟಿ ಎಣಿಸಿದವಳು ಅಂಟು ಹಚ್ಚುವವಳು. ಎಂಟು ರೈಟು, ಒಂದು ಇಂಟು.

ನಿಮ್ಮ ನಿಯಮವೇ ತಾನೆ? ಅಲ್ಲಿಗೆ ಮುಗಿಯಿತು. ಎಲ್ಲರ ಕಣ್ಣೂ ಕಟಿಂಗಣ್ಣನ ಮೇಲೆ ಹೋಯಿತು. ಅವನು ನಾನಲ್ಲ ಅಂತ ಹೇಳಲಿಲ್ಲ. ಹೇಳಿದರೆ ಇನ್ನೊಬ್ಬರ ಕಡೆ ಬೆರಳು ಹೋಗುತ್ತದೆ ಅಂತಲೋ ಏನೋ, ಲೋಟ ಎತ್ತಿಕೊಂಡು ಮೆಷಿನ್ನಿನ ಹತ್ತಿರ ಹೋದ. ಶುಕ್ರವಾರ, ಶನಿವಾರ ಎರಡು ದಿನವೂ ಅಲ್ಲೇ ನಿಂತು ಒಬ್ಬನೇ ಚಹಾ ಕುಡಿದ. ರೇಡಿಯೋ ತನಗೆ ರಟ್ಟು ಬೇಕಾದರೆ ಅವನಿಗೆ ನನ್ನ ಮೂಲಕ ಹೇಳಿ ಕಳಿಸುತ್ತಾಳೆ. ಇಪ್ಪತ್ತೆರಡು ವರ್ಷ ಒಂದೇ ಮೇಜಿನಲ್ಲಿ ಉಂಡವರು. ನಿಮಗೆ ಯಾರಾದರೂ ಫೋನ್ ಮಾಡಿ ಕಿವಿ ಊದಿದರೆ ಕಟಿಂಗಣ್ಣನ ಮೇಲೆ ಮುನಿಸಿಕೊಳ್ಳಬೇಡಿ, ಅದಕ್ಕೇ ಇಷ್ಟೂ ಬರೆದೆ.

ಇನ್ನು ನೀವು ಮಾಡಬೇಕಾದ್ದು. ವಿಚ್ಛೇದನದ ಕಾಗದ ಎಲ್ಲಕ್ಕೂ ಸಹಿ ಹಾಕಿದ್ದೇನೆ, ನಿಮ್ಮ ಪೆನ್ಸಿಲ್ ಗುರುತುಗಳನ್ನು ರಬ್ಬರಿನಿಂದ ಅಳಿಸಿದ್ದೇನೆ. ಇದೇ ಲಕೋಟೆಯಲ್ಲಿದೆ. ಅದರ ಜೊತೆ ಏಜೆಂಟ್ ಕೊಟ್ಟ ಇನ್ನೊಂದು ಫಾರಂ ಇಟ್ಟಿದ್ದೇನೆ. ಗುಂಪಿನಿಂದ ಹೆಸರು ಹೋದ ಮೂವತ್ತು ದಿನದೊಳಗೆ ಅದೇ ಕಂಪನಿಯಲ್ಲಿ ಒಬ್ಬರ ಹೆಸರಿಗೆ ಪಾಲಿಸಿ ಕೇಳಬಹುದಂತೆ, ಹನ್ನೊಂದು ವರ್ಷ ಕಟ್ಟಿದ್ದನ್ನು ಲೆಕ್ಕಕ್ಕೆ ಹಿಡಿಯುತ್ತಾರಂತೆ. ಕೊಟ್ಟೇ ಕೊಡುತ್ತಾರೆ ಅಂತ ಅವನು ಖಾತ್ರಿ ಹೇಳಲಿಲ್ಲ. ರೇಟು ಕಡಿಮೆಯದಲ್ಲ, ನೀವಿರುವ ಕೋಣೆಯ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು. ನಾನು ಸೇರಿಸುತ್ತೇನೆ ಅಂದರೆ ನೀವು ಮುಖ ಊದಿಸಿಕೊಳ್ಳುತ್ತೀರಿ, ಅದಕ್ಕೆ ಅನ್ನುವುದಿಲ್ಲ. ಆಸ್ಪತ್ರೆಯ ಕಾಗದಗಳ ನಕಲು ನನ್ನ ಹತ್ತಿರ ಇತ್ತು, ಹಿಂದೆ ಪಿನ್ ಮಾಡಿದ್ದೇನೆ. ಏಪ್ರಿಲ್ ಒಂದರಿಂದ ನಿಮ್ಮ ಹೆಸರಿಗೆ ಏನೂ ಇರುವುದಿಲ್ಲ ಅನ್ನುವುದು ನೆನಪಿರಲಿ. ಮಹಡಿ ಮೆಟ್ಟಿಲು ಹತ್ತುವಾಗ ನಿಂತು ನಿಂತು ಹತ್ತಿ. ಮಾತ್ರೆ ತಪ್ಪಿಸಬೇಡಿ. ಇಷ್ಟು ಹೇಳುವ ಅಧಿಕಾರ ಇನ್ನು ಕೆಲವು ದಿನ ನನಗಿದೆ ಅಂದುಕೊಂಡಿದ್ದೇನೆ.

ನನಗೆ ಹೆದರಿಕೆಯಾಗಿದೆ. ನಿಮಗೆ ಮತ್ತೆ ಏನಾದರೂ ಆದರೆ ಆ ಫೋನ್ ನನಗೆ ಬರುತ್ತದೋ ಇಲ್ಲವೋ ಅಂತ ಯೋಚನೆ ಹತ್ತಿದೆ. ನಿಮ್ಮ ಪರ್ಸಿನ ಆ ಚೀಟಿಯಲ್ಲಿ ನಂಬರ್ ಬದಲಾಯಿಸಲೇಬೇಕು ಅನ್ನುವ ಕಾನೂನೇನೂ ಇಲ್ಲವಂತೆ, ವಕೀಲರನ್ನು ಕೇಳಿ ನೋಡಿ.

ಇಪ್ಪತ್ತಾರು ವರ್ಷ ನಿಮ್ಮ ಜೊತೆ ಜಗಳವಾಡಿದ, ಬಗ್ಗಿಸಲಿಕ್ಕಾಗದವಳು ಅಂತ ನೀವೇ ಹೆಸರಿಟ್ಟ,

ರಟ್ಟು

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಲಕೋಟೆಗೆ ಅಂಟು ಹಚ್ಚಿ, ಮತ್ತೆ ಬಿಡಿಸಿ ಇದನ್ನು ಬರೆಯುತ್ತಿದ್ದೇನೆ. ಆ ಇಂಟು ಹಾಕಿದ್ದು ಕಟಿಂಗಣ್ಣ ಅಲ್ಲ, ನಾನು. ಬೇಕರಿಯ ಕಥೆ ಮೊದಲೇ ಹೇಳಿದ್ದರೆ, ಯಾರಿಗೆ ಗೊತ್ತಾಗುತ್ತೆ ಬಿಡಿ ಅಕ್ಕಾ ಅಂತ ಅವರೆಲ್ಲ ಅನ್ನುತ್ತಿದ್ದರು, ನಾನೂ ಹೂಂ ಅಂದುಬಿಡುತ್ತಿದ್ದೆ. ನಾಳೆ ರೇಡಿಯೋಗೋ ಅವಳ ಗಂಡನಿಗೋ ಏನಾದರೂ ಆಗಿ, ನನ್ನ ಒಂದು ಸುಳ್ಳಿಗೆ ಅವರ ಕೈಗೆ ಏನೂ ಸಿಗದೆ ಹೋದರೆ ನಾನು ಆ ಮೇಜಿನ ಮುಂದೆ ಹೇಗೆ ಕೂರಲಿ? ಇದು ನಿಜ. ಆದರೆ ಪೆನ್ಸಿಲ್ ಹಿಡಿದಾಗ ನೀವು ಚೀಲ ತುಂಬಿಕೊಂಡು ಹೋದದ್ದೂ ನೆನಪಿಗೆ ಬಂತು, ಅದೂ ನಿಜ. ಯಾವುದು ಎಷ್ಟು ಅಂತ ನನಗೇ ತಿಳಿಯುತ್ತಿಲ್ಲ. ಎರಡು ದಿನ ಕಟಿಂಗಣ್ಣನ ಮೇಲೆ ಬಿಟ್ಟು ಸುಮ್ಮನಿದ್ದೆನಲ್ಲ, ಅದಕ್ಕೆ ನನಗೆ ಕ್ಷಮೆಯಿಲ್ಲ. ಈ ಕಾಗದ ನಿಮಗೆ ಸಿಗುವಷ್ಟರಲ್ಲಿ ಎಲ್ಲರ ಎದುರು ಹೇಳಿರುತ್ತೇನೆ. ನಿಮ್ಮನ್ನು ಉಳಿಸಿಕೊಳ್ಳೋಣ ಅಂದವರು ಎಂಟು ಜನ, ಬೇಡ ಅಂದವಳು ನಾನೊಬ್ಬಳೇ. ಬೈಯುವುದಿದ್ದರೆ ನನ್ನನ್ನು ಎಷ್ಟು ಬೇಕಾದರೂ ಬೈಯಿರಿ, ಆದರೆ ಮೊದಲು ಆ ಫಾರಂ ತುಂಬಿ ಕಳಿಸಿ.